ಹಳದಿ ಕಾರ್ಡಿನ ಲೆಕ್ಕ

ವೇತನ ಒಪ್ಪಂದದ ಮಾತುಕತೆಯ ಕೊನೆಯ ರಾತ್ರಿ. ಬೇಡಿಕೆ ಪಟ್ಟಿಯ ಮೂವತ್ತೊಂದು ಅಂಶಗಳಲ್ಲಿ ಇಪ್ಪತ್ತೊಂಬತ್ತು ತೀರ್ಮಾನವಾಗಿದ್ದವು. ಉಳಿದದ್ದು ಎರಡೇ: ಮೂಲ ವೇತನದ ಏರಿಕೆ ಮತ್ತು ತಾತ್ಕಾಲಿಕ ಕೆಲಸಗಾರರ ಸಂಖ್ಯೆಗೆ ಮಿತಿ. ಆಡಳಿತದ ಕಡೆಯ ಹಿರಿಯ ಅಧಿಕಾರಿ ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಕೊನೆಗೆ ಹೇಳಿದರು: “ಮೊದಲನೆಯದರಲ್ಲಿ ನೀವು ಕೇಳಿದ್ದಕ್ಕೆ ಹತ್ತಿರ ಬರುತ್ತೇವೆ. ಎರಡನೆಯದರಲ್ಲಿ ನೀವು ಸ್ವಲ್ಪ ಕೈ ಸಡಿಲಿಸಿ.”

ನಾವು ಕೇಳಿದ್ದು ಶೇ. 5ರ ಮಿತಿ. ಒಪ್ಪಿದ್ದು ಶೇ. 15. ಆಗ ನಾನು ಸಂಘದ ಜಂಟಿ ಕಾರ್ಯದರ್ಶಿ. ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ಕರಡು ಬರೆಯುವ ಕೆಲಸ ಯಾವಾಗಲೂ ನನ್ನ ಪಾಲಿಗೆ ಬರುತ್ತಿತ್ತು. “ಕಾಯಂ ನೌಕರರ ಸಂಖ್ಯೆಯ ಶೇ. 15ನ್ನು ಮೀರದಂತೆ, ಅಗತ್ಯಕ್ಕೆ ತಕ್ಕಂತೆ” ಎಂದು ಬರೆದವನು ನಾನೇ. ಯಾರ ಅಗತ್ಯ ಎಂದು ಮೇಜಿನ ಈ ಕಡೆ ಕುಳಿತ ಏಳು ಮಂದಿಯಲ್ಲಿ ಒಬ್ಬರೂ ಕೇಳಲಿಲ್ಲ. ಬೆಳಿಗ್ಗೆ ಪಾಳಿ ಬದಲಾಗುವ ಹೊತ್ತಿಗೆ ಗೇಟಿನ ಮುಂದೆ ನಮಗೆ ಜೈಕಾರ. ಅದೇ ಗೇಟಿನಿಂದ ಹಳದಿ ಕಾರ್ಡಿನವರೂ ಹೊರಗೆ ಬರುತ್ತಿದ್ದರು. ಅವರಲ್ಲಿ ಕೆಲವರು ನಿಂತು ಚಪ್ಪಾಳೆಯನ್ನೂ ತಟ್ಟಿದರು. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ನಮ್ಮಲ್ಲಿ ಕಾಯಂ ನೌಕರರಿಗೆ ನೀಲಿ ಕಾರ್ಡು, ತಾತ್ಕಾಲಿಕರಿಗೆ ಹಳದಿ. ಡ್ರಿಲ್ಲಿಂಗ್ ಯಂತ್ರದ ಮುಂದೆ ನಾನು, ನನ್ನ ಎಡಕ್ಕೆ ಅರ ಹಿಡಿದು ರಂಧ್ರದ ಅಂಚಿನ ಮುಳ್ಳು ಉಜ್ಜುವ ಒಬ್ಬ ಹುಡುಗ. ನನ್ನ ಕೈಯಿಂದ ಹೋದ ತುಣುಕು ನೇರ ಅವನ ಕೈಗೆ. ನಾನು ರಜೆ ಹಾಕಿದ ದಿನ ಡ್ರಿಲ್ಲಿಂಗ್ ಕೂಡ ಅವನೇ ಮಾಡುತ್ತಿದ್ದ, ಮತ್ತು ಸತ್ಯ ಹೇಳಬೇಕೆಂದರೆ ನನಗಿಂತ ಕಡಿಮೆ ತುಣುಕು ಹಾಳುಮಾಡುತ್ತಿದ್ದ. ಅವನಿಗೆ ಲಾಕರ್ ಇರಲಿಲ್ಲ. ಚೀಲವನ್ನು ಗಾಳಿಯ ಪೈಪಿನ ವಾಲ್ವಿಗೆ ನೇತುಹಾಕುತ್ತಿದ್ದ. ನಿರ್ವಹಣೆಯವರು ವಾಲ್ವು ತಿರುಗಿಸಲು ಬಂದಾಗ ಆ ಚೀಲ ನೆಲಕ್ಕೆ ಇಳಿಯುತ್ತಿತ್ತು, ನೆಲದಲ್ಲಿ ಯಂತ್ರದಿಂದ ಸೋರಿದ ಎಣ್ಣೆನೀರು. ನನ್ನ ಲಾಕರಿನಲ್ಲಿ ಅರ್ಧ ಜಾಗ ಖಾಲಿಯಿತ್ತು. “ಇಲ್ಲಿಡು” ಎಂದು ಹೇಳಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಐದನೆಯ ತಿಂಗಳಲ್ಲಿ ಅವನ ಕಾರ್ಡು ವಾಪಸ್ ಪಡೆದರು.

ಕಾರ್ಮಿಕ ಸಂಘ ಎಂದರೆ ತಾತ್ಕಾಲಿಕ ನೇಮಕಾತಿಯ ಶತ್ರು ಎಂದು ಸಂಘದವರೂ ನಂಬಿರುತ್ತಾರೆ, ಮಾಲೀಕರೂ ನಂಬಿರುತ್ತಾರೆ. ನಾನೂ ವೇದಿಕೆ ಹತ್ತಿ ಗುತ್ತಿಗೆ ಪದ್ಧತಿಗೆ ಧಿಕ್ಕಾರ ಕೂಗಿದವನೇ. ಆದರೆ ಸಂಘದಲ್ಲಿ ಹದಿನಾಲ್ಕು ವರ್ಷ ಇದ್ದು ನಾನು ಕಂಡುಕೊಂಡದ್ದು ಬೇರೆ. ಎಷ್ಟು ಜನ ತಾತ್ಕಾಲಿಕರು ಬರುತ್ತಾರೆ, ಯಾವ ಬಾಗಿಲಿನಿಂದ ಬರುತ್ತಾರೆ, ಎಷ್ಟು ಅಗ್ಗಕ್ಕೆ ಬರುತ್ತಾರೆ ಎಂಬುದನ್ನು ಮಾಲೀಕ ಒಬ್ಬನೇ ನಿರ್ಧರಿಸುವುದಿಲ್ಲ. ಸಂಘ ಯಾವುದಕ್ಕೆ ಹಟ ಹಿಡಿಯುತ್ತದೆ, ಯಾವುದನ್ನು ಬಿಟ್ಟುಕೊಡುತ್ತದೆ ಎಂಬುದನ್ನು ನೋಡಿಕೊಂಡು ಅವನು ಲೆಕ್ಕ ಹಾಕುತ್ತಾನೆ. ಆ ಲೆಕ್ಕದ ಅರ್ಧ ಅಂಕಿಗಳನ್ನು ಒದಗಿಸುವವರು ನಾವೇ.

ಲೆಕ್ಕ ಕಷ್ಟದ್ದೇನಲ್ಲ. ಬಲವಾದ ಸಂಘ ಕಾಯಂ ನೌಕರನ ವೇತನವನ್ನು ಮೇಲೆತ್ತುತ್ತದೆ, ಅವನನ್ನು ಕೆಲಸದಿಂದ ತೆಗೆಯುವುದನ್ನು ಕಷ್ಟವಾಗಿಸುತ್ತದೆ. ಎರಡೂ ಸಂಘದ ಧರ್ಮವೇ, ತಪ್ಪೇನಿಲ್ಲ. ಆದರೆ ಅದೇ ಹೊತ್ತಿಗೆ ಕಾಯಂ ಮತ್ತು ತಾತ್ಕಾಲಿಕರ ನಡುವಿನ ಅಂತರವೂ ಹಿಗ್ಗುತ್ತದೆ. ಅಂತರ ಹಿಗ್ಗಿದಷ್ಟೂ ತಾತ್ಕಾಲಿಕನನ್ನು ತರುವ ಆಸೆ ಮಾಲೀಕನಿಗೆ ಹೆಚ್ಚುತ್ತದೆ. ಸಂಘ ಅದನ್ನು ತಡೆಯುವಷ್ಟೂ ಬಲವಾಗಿದ್ದರೆ ಸರಿ. ಏರಿಸುವಷ್ಟು ಬಲವಿದ್ದು ತಡೆಯುವಷ್ಟು ಇಲ್ಲದಿದ್ದರೆ ಹಳದಿ ಕಾರ್ಡುಗಳು ಬರುತ್ತವೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಡೇವಿಡ್ ಆಟರ್ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಓದಿದಾಗ ನನಗೆ ಯಾರೋ ನಮ್ಮ ಮೇಜಿನ ಕೆಳಗೆ ಕುಳಿತು ಕೇಳಿಸಿಕೊಂಡಂತೆ ಅನ್ನಿಸಿತು. ಅಲ್ಲಿ ಮೊದಲು ಮಾಲೀಕ ಮನಸ್ಸು ಬಂದಾಗ ಯಾರನ್ನಾದರೂ ತೆಗೆಯಬಹುದಿತ್ತು. ಕಾಲಕ್ರಮದಲ್ಲಿ ಬಹುತೇಕ ರಾಜ್ಯಗಳ ನ್ಯಾಯಾಲಯಗಳು ಅದಕ್ಕೆ ಒಂದಲ್ಲ ಒಂದು ಬಗೆಯ ಕಡಿವಾಣ ಹಾಕಿದವು. 1973ರಿಂದ 1995ರವರೆಗೆ ಕೆಲಸಗಾರರನ್ನು ಒದಗಿಸುವ ಏಜೆನ್ಸಿಗಳ ಮೂಲಕ ಬರುವ ತಾತ್ಕಾಲಿಕ ಕೆಲಸಗಾರರ ಸಂಖ್ಯೆ ಬೆಳೆದದ್ದರಲ್ಲಿ ಶೇ. 20ರಷ್ಟನ್ನು ಈ ಕಡಿವಾಣಗಳಿಂದಲೇ ವಿವರಿಸಬಹುದು ಎಂದು ಆಟರ್ ಲೆಕ್ಕ ಹಾಕಿದರು. ಜೊತೆಗೆ ಇನ್ನೊಂದು ಮಾತು: ಸಂಘಗಳ ಸದಸ್ಯಬಲ ಅಷ್ಟಾಗಿ ಕುಸಿಯದ ರಾಜ್ಯಗಳಲ್ಲಿಯೇ ಏಜೆನ್ಸಿ ಕೆಲಸ ಹೆಚ್ಚು ಬೆಳೆದಿತ್ತು. ಸಂಘ ಉಳಿದ ಕಡೆ ತಾತ್ಕಾಲಿಕರು ಕಡಿಮೆ ಇರಬೇಕಿತ್ತಲ್ಲವೇ? ಇರಲಿಲ್ಲ.

ಇದನ್ನು ಮಾಲೀಕರ ಪರವಾದ ವಾದವೆಂದು ಓದುವವರಿದ್ದಾರೆ. ನೌಕರನಿಗೆ ರಕ್ಷಣೆ ಕೊಟ್ಟದ್ದೇ ತಪ್ಪು, ತೆಗೆದುಬಿಡಿ, ಎಲ್ಲರೂ ಸಮಾನರಾಗುತ್ತಾರೆ ಎನ್ನುತ್ತಾರೆ. ಎಲ್ಲರಿಗೂ ಹಳದಿ ಕಾರ್ಡು ಕೊಡುವುದು ಸಮಾನತೆಯೇ ಆದರೆ ನನಗೆ ಆ ಸಮಾನತೆ ಬೇಡ. ನನ್ನ ತಕರಾರು ರಕ್ಷಣೆಯ ಬಗ್ಗೆ ಅಲ್ಲ, ಅದು ಎಲ್ಲಿಗೆ ನಿಲ್ಲುತ್ತದೆ ಎಂಬುದರ ಬಗ್ಗೆ.

ಅರ್ಥಶಾಸ್ತ್ರದಲ್ಲಿ ಒಳಗಿನವರು, ಹೊರಗಿನವರು ಎಂಬ ಒಂದು ಸಿದ್ಧಾಂತವಿದೆ. 1980ರ ದಶಕದಲ್ಲಿ ಅಸ್ಸಾರ್ ಲಿಂಡ್‌ಬೆಕ್ ಮತ್ತು ಡೆನಿಸ್ ಸ್ನೋವರ್ ಅದನ್ನು ಬೆಳೆಸಿದರು. ಕೆಲಸದಲ್ಲಿ ಇರುವವರು ತಮಗಾಗಿ ಚೌಕಾಸಿ ಮಾಡುತ್ತಾರೆ, ಹೊರಗೆ ಕಾಯುತ್ತಿರುವವರ ಪರವಾಗಿ ಮೇಜಿನಲ್ಲಿ ಯಾರೂ ಇರುವುದಿಲ್ಲ ಎಂಬುದು ಅದರ ಸಾರ. ಸ್ಪೇನಿನ ಬೆಂತೊಲಿಲಾ ಮತ್ತು ದೊಲಾದೊ 1994ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸುತ್ತ ತಾತ್ಕಾಲಿಕರು ಇದ್ದಷ್ಟೂ ಕಾಯಂ ನೌಕರ ಧೈರ್ಯವಾಗಿ ಹೆಚ್ಚು ಕೇಳುತ್ತಾನೆ, ಏಕೆಂದರೆ ಬೇಡಿಕೆ ಕುಸಿದು ಕಾರ್ಖಾನೆಗೆ ಕಷ್ಟ ಬಂದರೆ ಮೊದಲು ಹೋಗುವವನು ತಾನಲ್ಲ ಎಂದು ಅವನಿಗೆ ಗೊತ್ತು. ನಮ್ಮ ಆ ರಾತ್ರಿಗೆ ಇದಕ್ಕಿಂತ ಸರಿಯಾದ ವಿವರಣೆ ನನಗೆ ಸಿಕ್ಕಿಲ್ಲ. ಶೇ. 15ರಷ್ಟು ಹಳದಿ ಕಾರ್ಡುಗಳು ನಮ್ಮ ನೆತ್ತಿಯ ಮೇಲಿನ ಛತ್ರಿ. ಮಳೆ ಬಂದರೆ ನೆನೆಯುವುದು ಛತ್ರಿ.

ಇದನ್ನು ಬರಹದಲ್ಲೇ ಒಪ್ಪಿಕೊಂಡ ಸಂಘವೂ ಇದೆ. ದಕ್ಷಿಣ ಕೊರಿಯಾದ ಹ್ಯುಂಡೈ ಮೋಟಾರ್‌ನಲ್ಲಿ 1998ರಲ್ಲಿ, ಏಷ್ಯಾದ ಆರ್ಥಿಕ ಬಿಕ್ಕಟ್ಟಿನ ನಡುವೆ, ಕೆಲಸ ಕಡಿತದ ವಿರುದ್ಧ ದೊಡ್ಡ ಮುಷ್ಕರ ನಡೆಯಿತು. ಸಾವಿರಾರು ಜನರನ್ನು ತೆಗೆಯುವ ಯೋಜನೆ ಹೋರಾಟದಿಂದ ಇಳಿಯುತ್ತಾ ಬಂದು ಕೊನೆಗೆ 277 ಮಂದಿಗೆ ನಿಂತಿತು. ಆ 277ರಲ್ಲಿ ದೊಡ್ಡ ಪಾಲು ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದ ಹೆಂಗಸರು. ಮುಷ್ಕರದ ದಿನಗಳಲ್ಲಿ ಹೋರಾಟಗಾರರಿಗೆ ಅನ್ನ ಬಡಿಸಿದವರು. ಎರಡು ವರ್ಷದ ನಂತರ, 2000ದಲ್ಲಿ, ಕಾಯಂ ನೌಕರರ ಉದ್ಯೋಗ ಭದ್ರತೆಯ ಒಪ್ಪಂದವಾಯಿತು. ಅದರ ಜೊತೆಗೇ ಕಾರ್ಖಾನೆಯೊಳಗಿನ ಉಪಗುತ್ತಿಗೆ ಕೆಲಸಗಾರರನ್ನು ಶೇ. 16.9ರವರೆಗೆ ಇಟ್ಟುಕೊಳ್ಳಲು ಸಂಘ ಒಪ್ಪಿತು. ಶೇ. 16.9! ದಶಮಾಂಶದ ಆ ಅಂಕಿಯನ್ನು ಮೊದಲ ಸಲ ಓದಿದಾಗ ನನಗೆ ನಗು ಬಂತು, ನಂತರ ಹೊಟ್ಟೆ ಕಿವುಚಿತು. ನಮ್ಮ ಹದಿನೈದು ಕನಿಷ್ಠ ಪೂರ್ಣಾಂಕವಾಗಿತ್ತು.

ಒಂದೇ ಸಾಲಿನಲ್ಲಿ ನಿಂತು ಒಂದೇ ಕಾರಿಗೆ ಬಲಗಡೆಯ ಚಕ್ರ ಕಾಯಂ ನೌಕರ, ಎಡಗಡೆಯ ಚಕ್ರ ಉಪಗುತ್ತಿಗೆಯವನು ಕೂರಿಸುತ್ತಾನೆ ಎಂಬುದು ಅಲ್ಲಿನ ಹೋರಾಟದಲ್ಲಿ ಮತ್ತೆ ಮತ್ತೆ ಕೇಳಿಬಂದ ಮಾತು. 2010ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅಂತಹ ಒಬ್ಬ ಕೆಲಸಗಾರನ ಪ್ರಕರಣದಲ್ಲಿ, ಇದು ಉಪಗುತ್ತಿಗೆಯಲ್ಲ, ಕಾನೂನು ತಪ್ಪಿಸಿ ಕೆಲಸಗಾರರನ್ನು ಸರಬರಾಜು ಮಾಡುವುದು ಎಂದು ಹೇಳಿತು. ಎರಡು ವರ್ಷವಾದರೂ ಕಂಪನಿ ತೀರ್ಪನ್ನು ಎಲ್ಲರಿಗೂ ಅನ್ವಯಿಸದೆ ಹೋದಾಗ ಇಬ್ಬರು ವಿದ್ಯುತ್ ಗೋಪುರ ಹತ್ತಿ ಕುಳಿತರು. ಇಳಿದದ್ದು 296 ದಿನಗಳ ನಂತರ, 2013ರ ಆಗಸ್ಟಿನಲ್ಲಿ. ಆ ಇಬ್ಬರು ಕಾಯಂ ನೌಕರರ ಸಂಘದ ಪಕ್ಕದಲ್ಲಿ ತಮ್ಮದೇ ಬೇರೆ ಸಂಘ ಕಟ್ಟಿಕೊಂಡವರ ಪೈಕಿ. ಅದೇ ದೇಶದ ಕಿಯಾದಲ್ಲಿ ಕಾಯಂ ಮತ್ತು ಅನಿಯಮಿತ ಕೆಲಸಗಾರರು 2008ರಿಂದ ಒಂದೇ ಸಂಘದಲ್ಲಿದ್ದರು. ಎಲ್ಲರೂ ಕೊಂಡಾಡಿದ ಮಾದರಿ ಅದು. 2017ರ ಏಪ್ರಿಲಿನಲ್ಲಿ ಮತದಾನ ನಡೆಸಿ, ಶೇ. 71.7 ಮತಗಳಿಂದ, ಅನಿಯಮಿತರನ್ನು ಸಂಘದಿಂದ ಹೊರಗಿಟ್ಟರು. ಹೊರಗಿಟ್ಟದ್ದು ಆಡಳಿತವಲ್ಲ ಎಂಬುದು ಮುಖ್ಯ.

ಈ ಎರಡು ಕತೆಗಳನ್ನು ನಾನು ನಮ್ಮ ಸಮಿತಿಯ ಸಭೆಯಲ್ಲಿ ಒಮ್ಮೆ ಹೇಳಿದೆ. “ಅವರ ಕತೆ ನಮಗೇಕೆ” ಎಂದು ಹಿರಿಯರೊಬ್ಬರು ಗದರಿದರು. ಗದರಿದ ರೀತಿಯಲ್ಲೇ ಅವರಿಗೆ ಅರ್ಥವಾಗಿದೆ ಎಂದು ಗೊತ್ತಾಯಿತು.

ಈಗ ಮಿತಿಯ ವಿಷಯ. ಶೇ. 15ರ ಮಿತಿ ಬಂದ ಎರಡು ವರ್ಷಕ್ಕೆ ನನಗೆ ಅನುಮಾನ ಹುಟ್ಟಿತು. ಕ್ಯಾಂಟೀನಿನಲ್ಲಿ ಹಳದಿ ಕಾರ್ಡುಗಳು ಹದಿನೈದರಷ್ಟು ಕಾಣುತ್ತಿರಲಿಲ್ಲ, ಬಹಳ ಹೆಚ್ಚು ಕಾಣುತ್ತಿದ್ದವು. ಒಂದು ಚಿಕ್ಕ ನೋಟುಪುಸ್ತಕ ತೆಗೆದುಕೊಂಡು ಹನ್ನೊಂದು ದಿನ ಮೂರೂ ಪಾಳಿಗಳ ಗೇಟಿನಲ್ಲಿ ಗೆರೆ ಎಳೆದು ಎಣಿಸಿದೆ, ನಾಲ್ಕು ಗೆರೆ, ಐದನೆಯದು ಅಡ್ಡಕ್ಕೆ. ಪ್ಯಾಕಿಂಗ್ ವಿಭಾಗದ ಒಬ್ಬ ಹೆಂಗಸು, ಅವಳದೂ ಹಳದಿ ಕಾರ್ಡು, ಮೂರನೆಯ ದಿನ ನನ್ನ ಬಳಿ ನಿಂತು, “ಅಣ್ಣಾ, ಗೇಟಿನಲ್ಲಿ ಎಣಿಸಿದರೆ ಪೂರ್ತಿ ಸಿಗುವುದಿಲ್ಲ. ಲಾರಿ ಬಾಗಿಲಿನಿಂದ ಬರುವವರು ಇದ್ದಾರೆ” ಎಂದಳು. ಮೇಸ್ತ್ರಿಯ ಹಾಜರಿ ಪುಸ್ತಕದಲ್ಲಿ ಎಷ್ಟು ಹೆಸರಿವೆ ಎಂಬುದು ಅವಳಿಗೆ ಬಾಯಿಪಾಠ.

ಎರಡೂ ಕೂಡಿಸಿದಾಗ ಶೇ. 34 ಬಂತು. ಲೆಕ್ಕ ತೆಗೆದುಕೊಂಡು ಹೋಗಿ ಆಡಳಿತದ ಮುಂದಿಟ್ಟೆವು. ಅವರು ಕೋಪಗೊಳ್ಳಲಿಲ್ಲ, ಅದೇ ನನಗೆ ಇರಿಸುಮುರಿಸು ತಂದದ್ದು. ಕಡತ ತೆರೆದು ತೋರಿಸಿದರು: ತಾತ್ಕಾಲಿಕ ನೌಕರರು ಶೇ. 14. ಉಳಿದವರು ತಾತ್ಕಾಲಿಕರೇ ಅಲ್ಲ, ಅವರು ನೌಕರರೇ ಅಲ್ಲ. ಪ್ಯಾಕಿಂಗ್, ಸಾಗಣೆ, ಶುಚಿತ್ವ, ಉಪಕರಣ ಕೊಠಡಿ, ಇವೆಲ್ಲ “ಸೇವಾ ಗುತ್ತಿಗೆ”ಗಳು. ಕಂಪನಿ ಜನರನ್ನು ಪಡೆಯುತ್ತಿಲ್ಲ, ಸೇವೆಯನ್ನು ಪಡೆಯುತ್ತಿದೆ. ನಾವು ಒಂದು ಬಾಗಿಲಿಗೆ ಅಗುಳಿ ಹಾಕಿದ್ದೆವು, ಅವರು ಪಕ್ಕದ ಗೋಡೆಯಲ್ಲಿ ಬಾಗಿಲು ಕೊರೆದಿದ್ದರು. ಎಲ್ಲವೂ ಒಪ್ಪಂದದ ಅಕ್ಷರಕ್ಕೆ ಬದ್ಧ. ಅಕ್ಷರ ನನ್ನದೇ, ದುಂಡಗಿನದು.

ಆಮೇಲೆ ನೋಡಿದರೆ ಎಲ್ಲೆಲ್ಲಿಯೂ ಹೀಗೆಯೇ. ಅವಧಿಗೆ ಮಿತಿ ಹಾಕಿದ ಕಡೆ ಅವಧಿ ಮುಗಿಯುವ ಮುನ್ನ ಜನರನ್ನು ಬದಲಿಸುತ್ತಾರೆ. ಕೊರಿಯಾದಲ್ಲಿ 2007ರ ಜುಲೈಯಿಂದ, ಎರಡು ವರ್ಷ ದುಡಿದ ತಾತ್ಕಾಲಿಕನನ್ನು ಕಾಯಂ ಎಂದೇ ಪರಿಗಣಿಸಬೇಕು ಎಂಬ ಕಾನೂನು ಜಾರಿಗೆ ಬಂತು. ಅದರ ಹಿಂದೆಮುಂದೆಯೇ ಒಂದು ದೊಡ್ಡ ಮಳಿಗೆ ಸರಣಿಯಲ್ಲಿ ಬಿಲ್ಲು ಹಾಕುವ ಹೆಂಗಸರನ್ನು ತೆಗೆದು ಆ ಕೆಲಸವನ್ನು ಹೊರಗುತ್ತಿಗೆಗೆ ಕೊಡಹೊರಟರು. ಅವರು ಗಲ್ಲಾಪೆಟ್ಟಿಗೆಗಳ ನಡುವೆಯೇ ಧರಣಿ ಕುಳಿತರು, ಹೋರಾಟ ಐನೂರಕ್ಕೂ ಹೆಚ್ಚು ದಿನ ನಡೆಯಿತು. ಜಪಾನಿನಲ್ಲಿ ಇದೇ ಬಗೆಯ ನಿಯಮಕ್ಕೆ ಐದು ವರ್ಷದ ಗಡುವು, 2013ರ ಏಪ್ರಿಲಿನಿಂದ ಎಣಿಕೆ. ಹಾಗಾಗಿ 2018ರ ಹೊಸ್ತಿಲಿಗೆ ಬರುವ ಹೊತ್ತಿಗೆ ಗುತ್ತಿಗೆ ನವೀಕರಿಸದ ಪತ್ರಗಳು ಅನೇಕರ ಕೈಸೇರಿದವು.

ಭಾರತದ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ ಕತೆ ಇನ್ನೂ ವಿಚಿತ್ರ. ನಿರಂತರವಾಗಿ ನಡೆಯುವ ಕೆಲಸದಲ್ಲಿ ಗುತ್ತಿಗೆ ಪದ್ಧತಿಯನ್ನು ಸರ್ಕಾರ ನಿಷೇಧಿಸಬಹುದು ಎಂದು ಅದು ಹೇಳಿತು. ನಿಷೇಧವಾದ ಮೇಲೆ ಆ ಕಾರ್ಮಿಕರ ಗತಿ ಏನು ಎಂದು ಹೇಳಲಿಲ್ಲ. ಅವರು ತಾನಾಗಿಯೇ ಕಂಪನಿಯ ನೌಕರರಾಗುತ್ತಾರೆ ಎಂದು ಸುಪ್ರೀಂ ಕೋರ್ಟು ಒಮ್ಮೆ ಹೇಳಿತ್ತು. 2001ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ (ಸೈಲ್) ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ಹಾಗೇನೂ ಆಗುವುದಿಲ್ಲ ಎಂದಿತು. ಗುತ್ತಿಗೆಯೇ ಬರೀ ಸೋಗು ಎಂದು ಸಾಬೀತಾದರೆ ಮಾತು ಬೇರೆ. ಅಂದರೆ ಆ ಕಾಯ್ದೆಯಡಿ ಸಂಘ ಹೋರಾಡಿ ನಿಷೇಧ ಗೆದ್ದರೆ ಗುತ್ತಿಗೆಯವನು ಕೆಲಸವನ್ನೇ ಕಳೆದುಕೊಳ್ಳಬಹುದಿತ್ತು. ಗೆಲ್ಲಲು ಹೆದರಬೇಕಾದ ಹೋರಾಟ.

ಸರಿ, ಮಿತಿ ಕೆಲಸ ಮಾಡುವುದಿಲ್ಲ ಎಂದಾದರೆ ಯಾವುದು ಮಾಡುತ್ತದೆ? ಬೆಲೆ. ಈ ಮಾತನ್ನು ನನಗೆ ಕಲಿಸಿದ್ದು ಜರ್ಮನಿಯ ಲೋಹ ಕಾರ್ಮಿಕರ ಸಂಘ ಐಜಿ ಮೆಟಾಲ್‌ನ ಇತಿಹಾಸ, ಅದರ ಸಾಧನೆಗಿಂತ ಹೆಚ್ಚಾಗಿ ಅದಕ್ಕೆ ಮೊದಲಿನ ಪೇಚಾಟ.

ಅಲ್ಲಿ ಸರ್ಕಾರ ತಂದ ಹಾರ್ಟ್ಸ್ ಎಂಬ ಉದ್ಯೋಗ ನೀತಿ ಸುಧಾರಣೆಗಳ ಜೊತೆ ಏಜೆನ್ಸಿ ಕೆಲಸದ ಮೇಲಿದ್ದ ಹಲವು ನಿರ್ಬಂಧಗಳು ಸಡಿಲವಾದವು. ಬದಲಿಗೆ ಕಾನೂನು ಒಂದು ಒಳ್ಳೆಯ ಮಾತು ಸೇರಿಸಿತು: ಏಜೆನ್ಸಿ ಕೆಲಸಗಾರನಿಗೆ ಪಕ್ಕದ ಕಾಯಂ ನೌಕರನಷ್ಟೇ ವೇತನ. ಮತ್ತು ಒಂದು ಚಿಕ್ಕ ರಿಯಾಯಿತಿ: ಸಾಮೂಹಿಕ ಒಪ್ಪಂದವಿದ್ದರೆ ಬೇರೆ ದರ ಇರಬಹುದು. ಸಂಘಗಳು ಕೆಟ್ಟ ಒಪ್ಪಂದಕ್ಕೆ ಏಕೆ ಸಹಿ ಹಾಕುತ್ತವೆ ಎಂದು ಕಾನೂನು ಬರೆದವರು ಯೋಚಿಸಿರಬೇಕು. ಆದರೆ ಹಾಕುವವರು ಸಿಕ್ಕರು. ಕ್ರೈಸ್ತ ಸಂಘಗಳ ಒಂದು ಚಿಕ್ಕ ಒಕ್ಕೂಟ, ಸಿಜಿಝೆಡ್‌ಪಿ ಎಂದು ಅದರ ಹೆಸರು, ಏಜೆನ್ಸಿಗಳ ಜೊತೆ ಅಗ್ಗದ ಒಪ್ಪಂದ ಮಾಡಿಕೊಂಡಿತು. ಅದಕ್ಕೆ ಪೈಪೋಟಿಯಾಗಿ ದೊಡ್ಡ ಸಂಘಗಳೂ ಕಾಯಂ ದರಕ್ಕಿಂತ ಬಹಳ ಕೆಳಗಿನ ದರಕ್ಕೆ ಸಹಿ ಹಾಕಬೇಕಾಯಿತು. ಸಮಾನ ವೇತನ ಕಾನೂನಿನ ಪುಸ್ತಕದಲ್ಲಿ ಉಳಿಯಿತು, ಕಡಿಮೆ ವೇತನಕ್ಕೆ ಸಂಘದ ಮೊಹರು ಬಿತ್ತು. 2010ರ ಡಿಸೆಂಬರಿನಲ್ಲಿ ಅಲ್ಲಿನ ಕೇಂದ್ರ ಕಾರ್ಮಿಕ ನ್ಯಾಯಾಲಯ, ಆ ಒಕ್ಕೂಟಕ್ಕೆ ಒಪ್ಪಂದ ಮಾಡುವ ಯೋಗ್ಯತೆಯೇ ಇಲ್ಲ ಎಂದು ತೀರ್ಪಿತ್ತಿತು.

ಅಷ್ಟರಲ್ಲಿ ಐಜಿ ಮೆಟಾಲ್ ಬೇರೆ ದಾರಿ ಹಿಡಿದಿತ್ತು. ಸಮಾನ ಕೆಲಸಕ್ಕೆ ಸಮಾನ ಹಣ ಎಂಬ ಪ್ರಚಾರ ಆರಂಭಿಸಿ, ಏಜೆನ್ಸಿ ಕೆಲಸಗಾರರನ್ನೇ ಸದಸ್ಯರನ್ನಾಗಿ ಮಾಡಿಕೊಳ್ಳತೊಡಗಿತು. 2010ರ ಶರತ್ಕಾಲದಲ್ಲಿ ವಾಯವ್ಯ ಜರ್ಮನಿಯ ಉಕ್ಕು ಉದ್ಯಮದಲ್ಲಿ ಏಜೆನ್ಸಿಯವರಿಗೂ ಸಮಾನ ವೇತನದ ಒಪ್ಪಂದವಾಯಿತು. 2012ರಲ್ಲಿ ಲೋಹ ಮತ್ತು ವಿದ್ಯುತ್ ಉಪಕರಣ ಉದ್ಯಮದಲ್ಲಿ ಇನ್ನೊಂದು. ಅದರ ಪ್ರಕಾರ ಏಜೆನ್ಸಿ ಕೆಲಸಗಾರ ಒಂದೇ ಕಡೆ ಆರು ವಾರ ದಾಟಿದರೆ ಅವನ ದರದ ಮೇಲೆ ಶೇ. 15 ಹೆಚ್ಚುವರಿ. ಮೆಟ್ಟಿಲು ಮೆಟ್ಟಿಲಾಗಿ ಏರಿ ಒಂಬತ್ತು ತಿಂಗಳಿಗೆ ಶೇ. 50. ಜೊತೆಗೆ ಕಾರ್ಖಾನೆಯಲ್ಲಿ ಬೇರೆ ಒಪ್ಪಂದವಿಲ್ಲದಿದ್ದರೆ ಇಪ್ಪತ್ತನಾಲ್ಕು ತಿಂಗಳಿಗೆ ಕಾಯಂ ಕೆಲಸ ಕೊಡಲೇಬೇಕು.

ಈ ಮೆಟ್ಟಿಲಿನ ಜಾಣ್ಮೆಯನ್ನು ನೋಡಿ. ಮೂರು ವಾರಕ್ಕೆ ನಿಜವಾಗಿಯೂ ಜನ ಬೇಕಾದ ಮಾಲೀಕನಿಗೆ ಅದು ತೊಂದರೆ ಕೊಡುವುದಿಲ್ಲ. ಆರ್ಡರು ಹೆಚ್ಚಿದೆ, ಯಾರೋ ಹೆರಿಗೆ ರಜೆಯಲ್ಲಿದ್ದಾರೆ, ಕರೆಸಿಕೊಳ್ಳಲಿ. ವರ್ಷಗಟ್ಟಲೆ ಅದೇ ಯಂತ್ರದ ಮುಂದೆ ಅದೇ ಮನುಷ್ಯನನ್ನು ಅಗ್ಗಕ್ಕೆ ನಿಲ್ಲಿಸುವವನಿಗೆ ಮಾತ್ರ ಲೆಕ್ಕ ದಿನದಿನಕ್ಕೂ ದುಬಾರಿಯಾಗುತ್ತದೆ. ಗೇಟಿನಲ್ಲಿ ನಿಂತು ಎಣಿಸಬೇಕಾಗಿಲ್ಲ, ಸಂಬಳದ ಪಟ್ಟಿಯೇ ಎಣಿಸುತ್ತದೆ. ಸ್ವೀಡನ್ನಿನ ಸಂಘಗಳು ಇದಕ್ಕೂ ಮೊದಲೇ, 2000ದಲ್ಲಿ, ಏಜೆನ್ಸಿಗಳ ಜೊತೆಯೇ ರಾಷ್ಟ್ರಮಟ್ಟದ ಒಪ್ಪಂದ ಮಾಡಿಕೊಂಡಿದ್ದವು: ಹೋದ ಕಾರ್ಖಾನೆಯ ನೌಕರರ ಸರಾಸರಿ ಗಳಿಕೆ, ಮತ್ತು ಎರಡು ನಿಯೋಜನೆಗಳ ನಡುವೆ ಕೆಲಸವಿಲ್ಲದ ದಿನಗಳಿಗೂ ಖಾತರಿ ವೇತನ. ಏಜೆನ್ಸಿಯವನು ಎಂದರೆ ಬೀದಿಯಲ್ಲಿ ನಿಂತವನು ಎಂಬ ಅರ್ಥವೇ ಅಲ್ಲಿ ಬದಲಾಯಿತು.

ನಮ್ಮ ಸಮಿತಿಯಲ್ಲಿ ನಾನು ಈ ಮೆಟ್ಟಿಲಿನ ಪ್ರಸ್ತಾಪ ಇಟ್ಟಾಗ ವಿರೋಧ ಬಂದದ್ದು ಆಡಳಿತದಿಂದಲ್ಲ, ಅಲ್ಲಿಗೆ ಅದು ಹೋಗಲೇ ಇಲ್ಲ. ನಮ್ಮವರೇ ಕೇಳಿದರು: ಹಳದಿ ಕಾರ್ಡಿನವರ ದರ ಏರಿಸಲು ಕಂಪನಿ ಕೊಡುವ ಹಣ ನಮ್ಮ ಏರಿಕೆಯಿಂದ ತಾನೇ ಕಡಿತವಾಗುವುದು? ಪ್ರಾಮಾಣಿಕವಾದ ಪ್ರಶ್ನೆ. ಮೊದಲ ವರ್ಷ ಬಹುಶಃ ಹೌದು ಎಂದೆ. ಹೌದು ಎಂದದ್ದೇ ನನ್ನ ತಪ್ಪಾಯಿತು ಎಂದು ಆಮೇಲೆ ಹಲವರು ಬುದ್ಧಿ ಹೇಳಿದರು.

ಓವರ್‌ಟೈಮಿನ ಮಾತನ್ನೂ ಇಲ್ಲಿ ಹೇಳಿಬಿಡುತ್ತೇನೆ, ಯಾರೂ ಹೇಳುವುದಿಲ್ಲ. ಕೆಲವು ತಿಂಗಳು ನಾವೇ ತಾತ್ಕಾಲಿಕರನ್ನು ಹೊರಗಿಟ್ಟೆವು, ಯಶಸ್ವಿಯಾಗಿ. ತತ್ವಕ್ಕಾಗಿ ಅಲ್ಲ. ಅವರು ಬಂದರೆ ನಮ್ಮ ಓವರ್‌ಟೈಮ್ ಹೋಗುತ್ತದೆ ಎಂದು. ಆ ತ್ರೈಮಾಸಿಕದ ಸಂಘದ ಕರಪತ್ರದಲ್ಲಿ ಅದನ್ನು “ಗುತ್ತಿಗೆ ಪದ್ಧತಿಯ ವಿರುದ್ಧದ ವಿಜಯ” ಎಂದು ಬರೆದಿದ್ದೆವು.

ಸಂಘದ ಬಲ ನೇರವಾಗಿ, ಯಾವ ಅಡ್ಡಮಾತೂ ಇಲ್ಲದೆ ಕೆಲಸಕ್ಕೆ ಬರುವ ಒಂದು ಜಾಗವಿದೆ: ಮುಷ್ಕರದ ದಿನ. ಮುಷ್ಕರ ಹೂಡಿದವರ ಜಾಗಕ್ಕೆ ಏಜೆನ್ಸಿಯಿಂದ ಜನ ತಂದರೆ ಮುಷ್ಕರಕ್ಕೆ ಅರ್ಥವೇ ಉಳಿಯುವುದಿಲ್ಲ. ಬ್ರಿಟನ್ನಿನಲ್ಲಿ ಇದಕ್ಕೆ ನಿಷೇಧವಿತ್ತು. 2022ರ ಜುಲೈಯಲ್ಲಿ, ರೈಲ್ವೆ ಮುಷ್ಕರಗಳ ನಡುವೆ, ಸರ್ಕಾರ ಆ ನಿಷೇಧವನ್ನು ತೆಗೆದುಹಾಕಿತು. ಸಂಘಗಳು ಹೈಕೋರ್ಟಿಗೆ ಹೋದವು. ಒಂದು ವರ್ಷಕ್ಕೆ, 2023ರ ಜುಲೈಯಲ್ಲಿ, ಸರಿಯಾಗಿ ಸಮಾಲೋಚನೆ ನಡೆಸಿಲ್ಲವೆಂದು ನ್ಯಾಯಾಲಯ ಆ ಆದೇಶವನ್ನೇ ರದ್ದುಮಾಡಿತು. ಇಲ್ಲಿ ಕಾಯಂ ನೌಕರನ ಹಿತವೂ ತಾತ್ಕಾಲಿಕನ ಹಿತವೂ ಒಂದೇ ಕಡೆ ಇವೆ. ಮುಷ್ಕರನಿರತರ ನಡುವಿನಿಂದ ತಲೆ ತಗ್ಗಿಸಿ ಒಳಗೆ ಹೋಗಬೇಕೆಂದು ಯಾವ ತಾತ್ಕಾಲಿಕನಿಗೂ ಆಸೆಯಿರುವುದಿಲ್ಲ.

ದೇಶದ ಮಟ್ಟದಲ್ಲಿ ಬದಲಾವಣೆ ಸಾಧ್ಯವೇ ಎಂದು ಕೇಳಿದರೆ ನಾನು ಸ್ಪೇನನ್ನು ತೋರಿಸುತ್ತೇನೆ. 1984ರಲ್ಲಿ ತಾತ್ಕಾಲಿಕ ಗುತ್ತಿಗೆಗಳಿಗೆ ದಾರಿ ತೆರೆದ ಮೇಲೆ ಕೆಲವೇ ವರ್ಷಗಳಲ್ಲಿ ಅಲ್ಲಿನ ಸಂಬಳದಾರರಲ್ಲಿ ಸುಮಾರು ಮೂರರಲ್ಲಿ ಒಬ್ಬರು ತಾತ್ಕಾಲಿಕರಾದರು. ದಶಕಗಳ ಕಾಲ ಒಂದಾದ ಮೇಲೊಂದು ಸುಧಾರಣೆ ಬಂದರೂ ರೋಗ ಬಿಡಲಿಲ್ಲ. 2021ರ ಕೊನೆಯಲ್ಲಿ ಎರಡು ದೊಡ್ಡ ಸಂಘಗಳು, ಮಾಲೀಕರ ಒಕ್ಕೂಟಗಳು ಮತ್ತು ಸರ್ಕಾರ ಕುಳಿತು ಒಪ್ಪಂದಕ್ಕೆ ಬಂದವು: ಗುತ್ತಿಗೆ ಎಂದರೆ ಮೊದಲಿಗೆ ಕಾಯಂ ಎಂದೇ ಅರ್ಥ, ತಾತ್ಕಾಲಿಕವಾದರೆ ಕಾರಣ ಬರೆಯಬೇಕು. ಹಂಗಾಮಿನ ಕೆಲಸಕ್ಕೆ ಕಾಯಂ ಆದರೂ ಬಿಟ್ಟು ಬಿಟ್ಟು ನಡೆಯುವ ಒಂದು ಬಗೆಯ ಗುತ್ತಿಗೆ. ಸಂಸತ್ತಿನಲ್ಲಿ 2022ರ ಫೆಬ್ರವರಿಯಲ್ಲಿ ಅದು 175ಕ್ಕೆ 174 ಮತಗಳಿಂದ ಪಾಸಾಯಿತು. ಅದೂ ವಿರೋಧ ಪಕ್ಷದ ಸದಸ್ಯರೊಬ್ಬರು ತಪ್ಪಿ ಪರವಾಗಿ ಗುಂಡಿ ಒತ್ತಿದ್ದರಿಂದ! ಕಾರ್ಮಿಕರ ಇತಿಹಾಸದಲ್ಲಿ ಅಪರೂಪಕ್ಕೊಮ್ಮೆ ಅದೃಷ್ಟವೂ ನಮ್ಮ ಕಡೆಗಿರುತ್ತದೆ. ನಾಲ್ಕರಲ್ಲಿ ಒಬ್ಬರಿದ್ದ ತಾತ್ಕಾಲಿಕರ ಪಾಲು ನಂತರದ ಎರಡು ವರ್ಷಗಳಲ್ಲಿ ಆರರಲ್ಲಿ ಒಬ್ಬರಿಗೆ ಇಳಿಯಿತು. ಆ ಬಿಟ್ಟು ಬಿಟ್ಟು ನಡೆಯುವ ಗುತ್ತಿಗೆ ಹಳೆಯ ಮದ್ಯಕ್ಕೆ ಹೊಸ ಸೀಸೆ ಎಂದು ವಾದಿಸುವವರಿದ್ದಾರೆ, ಅವರ ಮಾತಿನಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಆದರೂ ಮುಂದಿನ ಹಂಗಾಮಿಗೆ ಕರೆಯಲೇಬೇಕು ಎಂಬ ಹಕ್ಕು ಕೈಯಲ್ಲಿರುವುದಕ್ಕೂ ಮೇಸ್ತ್ರಿಯ ಫೋನಿಗಾಗಿ ಕಾಯುವುದಕ್ಕೂ ವ್ಯತ್ಯಾಸವಿದೆ.

ನಾನು ಸಮಿತಿಯಲ್ಲಿದ್ದ ಕೊನೆಯ ವರ್ಷ ಒಂದು ತಿದ್ದುಪಡಿ ತಂದೆವು: ತೊಂಬತ್ತು ದಿನ ದುಡಿದ ಯಾರೇ ಆಗಲಿ, ಕಾರ್ಡಿನ ಬಣ್ಣ ಯಾವುದೇ ಇರಲಿ, ಸಂಘದ ಸದಸ್ಯರಾಗಬಹುದು. ಬೈಲಾ ತಿದ್ದುಪಡಿಗೆ ಮೂರನೇ ಎರಡರಷ್ಟು ಮತ ಬೇಕು. ಮತ ಹಾಕುವವರು ಆಗಲೇ ಸದಸ್ಯರಾದವರು ಮಾತ್ರ, ಎಂದರೆ ನೀಲಿ ಕಾರ್ಡಿನವರು. ಮತಪೆಟ್ಟಿಗೆ ಕ್ಯಾಂಟೀನಿನ ಮೂಲೆಯಲ್ಲಿತ್ತು. ನನಗೆ ಗೊತ್ತಿದ್ದ ಕೆಲವರು ಚೀಟಿ ಹಾಕಿ ನನ್ನ ಕಣ್ಣು ತಪ್ಪಿಸಿ ಹೋದರು, ಅದರಿಂದಲೇ ಲೆಕ್ಕ ಸಿಕ್ಕಿತ್ತು. ಎಣಿಸಿದಾಗ ಪರವಾಗಿ ಅರ್ಧಕ್ಕಿಂತ ತುಸು ಹೆಚ್ಚು ಬಂದವು. ಮೂರನೇ ಎರಡರಷ್ಟು ಬರಲಿಲ್ಲ.

ಹೊರಗೆ ಬಂದಾಗ ಪ್ಯಾಕಿಂಗಿನ ಆ ಹೆಂಗಸು ಲಾರಿ ಬಾಗಿಲಿನ ಬಳಿ ನಿಂತಿದ್ದಳು. ಮೇಸ್ತ್ರಿ ಎರಡು ಸಲ ಬದಲಾಗಿದ್ದರೂ, ಕಾರ್ಡಿನ ಮೇಲಿನ ಸಂಸ್ಥೆಯ ಹೆಸರು ಮೂರು ಸಲ ಬದಲಾಗಿದ್ದರೂ, ಅವಳು ಅದೇ ಮೇಜಿನ ಮುಂದೆ ಅದೇ ಡಬ್ಬಗಳಿಗೆ ಪಟ್ಟಿ ಕಟ್ಟುತ್ತಾ ಆರು ವರ್ಷ ಕಳೆದಿದ್ದಳು.

“ಏನಾಯಿತು ಅಣ್ಣಾ?”

“ಈ ಸಲ ಆಗಲಿಲ್ಲ. ಸ್ವಲ್ಪದರಲ್ಲಿ ತಪ್ಪಿತು. ಮುಂದಿನ ಸರ್ವಸದಸ್ಯರ ಸಭೆಗೆ ಮತ್ತೆ ತರುತ್ತೇವೆ.”

“ಯಾವಾಗ ಅದು?”

“ವರ್ಷಕ್ಕೊಮ್ಮೆ.”

ಅವಳು ಕುತ್ತಿಗೆಯ ಕಾರ್ಡನ್ನು ತಿರುಗಿಸಿ ಹಿಂಬದಿಯ ತಾರೀಕು ನೋಡಿದಳು. ನನಗೂ ಕಾಣಿಸಿತು, ಹನ್ನೊಂದು ವಾರವಿತ್ತು. ಆಮೇಲೆ ಪಾಳಿಯ ಗಂಟೆಯಾಯಿತು, ಅವಳು ಒಳಗೆ ಹೋದಳು.